ಕಾರ್ಡ್ ಸಾಲ ಸೆಟ್ಲ್ ಮಾಡಿಕೊಂಡೆ, ಈಗ ಮನೆ ಸಾಲ ಯಾಕೆ ಸಿಗುತ್ತಿಲ್ಲ?

ಪ್ರಶ್ನೆ: ಸರ್, ನಾನು ಶಿರಸಿಯ ಒಂದು ಖಾಸಗಿ ಶಾಲೆಯಲ್ಲಿ ಮೇಷ್ಟ್ರು. 2020ರ ಲಾಕ್‌ಡೌನ್‌ನಲ್ಲಿ ಸಂಬಳ ನಿಂತು ಕ್ರೆಡಿಟ್ ಕಾರ್ಡ್ ಬಾಕಿ ಬೆಳೆಯಿತು. 2022ರಲ್ಲಿ ವಸೂಲಿಯವರು ಫೋನ್ ಮಾಡಿ, 92 ಸಾವಿರದ ಬದಲು 40 ಸಾವಿರ ಕಟ್ಟಿ, ಇಲ್ಲಿಗೇ ಮುಗಿಸಿಬಿಡೋಣ ಅಂದರು. ಕೈಸಾಲ ಮಾಡಿ ಕಟ್ಟಿದೆ, ಪತ್ರವೂ ಇದೆ. ಈಗ ಮನೆ ಸಾಲಕ್ಕೆ ಹೋದರೆ ಸಿಬಿಲ್ ಸರಿ ಇಲ್ಲ ಎಂದು ವಾಪಸ್ ಕಳಿಸಿದರು. ಸ್ಕೋರ್ (ಸಾಲ ತೀರಿಸಿದ ರೀತಿಗೆ ಸಿಗುವ ಅಂಕ) 668. ನಾನು ತೆಗೆದುಕೊಳ್ಳದ ಒಂದು ಬೈಕ್ ಸಾಲವೂ ಸಿಬಿಲ್ ರಿಪೋರ್ಟಿನಲ್ಲಿ ಇದೆಯಂತೆ. 18 ಸಾವಿರ ಕೊಟ್ಟರೆ ಎಲ್ಲ ಕ್ಲೀನ್ ಮಾಡಿಸಿಕೊಡುತ್ತೇನೆ ಎಂದು ಒಬ್ಬರು ಹೇಳುತ್ತಿದ್ದಾರೆ. ಕೊಡಬಹುದಾ?

ಉತ್ತರ: ಕೊಡಬೇಡಿ. ಒಂದು ರೂಪಾಯಿಯನ್ನೂ ಕೊಡಬೇಡಿ. ರಿಪೋರ್ಟ್‌ಗೆ ನಿಮ್ಮ ಸಾಲ, ಕಂತುಗಳ ಮಾಹಿತಿ ಕಳಿಸುವುದು ನಿಮಗೆ ಸಾಲ ಕೊಟ್ಟ ಬ್ಯಾಂಕು, ಸಿಬಿಲ್ ಎಂಬ ಕಂಪನಿ ಅದನ್ನು ಒಂದು ಕಡೆ ಸೇರಿಸಿ ಇಡುತ್ತದೆ ಅಷ್ಟೇ. ಅಲ್ಲಿ ತಪ್ಪಿದ್ದರೆ ನೀವೇ ದೂರು ಕೊಟ್ಟು ಪುಕ್ಕಟೆ ಸರಿ ಮಾಡಿಸಬಹುದು. ಇರುವುದು ನಿಜವೇ ಆಗಿದ್ದರೆ, ದುಡ್ಡು ತೆಗೆದುಕೊಂಡು ಅದನ್ನು ಅಳಿಸಿಕೊಡಲು ಯಾರಿಗೂ ಆಗುವುದಿಲ್ಲ. ಇಂಥವರು ನಿಮ್ಮ ಪ್ಯಾನ್, ಆಧಾರ್, ಓಟಿಪಿ ಎಲ್ಲ ಕೇಳುತ್ತಾರೆ. ನನಗೆ 18 ಸಾವಿರಕ್ಕಿಂತ ಅದರದ್ದೇ ಜಾಸ್ತಿ ಭಯ.

ಮೊದಲು ರಿಪೋರ್ಟ್ ತರಿಸಿ ಕೂತು ಓದಿ. "ಇದೆಯಂತೆ" ಅಂತ ಬರೆದಿದ್ದೀರಿ, ಅಂದರೆ ನೀವಿನ್ನೂ ನೋಡಿಲ್ಲ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂದು ಇಂಥ ರಿಪೋರ್ಟ್ ಇಡುವ ನಾಲ್ಕು ಕಂಪನಿಗಳಿವೆ. ನಾಲ್ಕೂ ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು, ಅದು ರಿಸರ್ವ್ ಬ್ಯಾಂಕಿನ ನಿಯಮ. ಡೌನ್‌ಲೋಡ್ ಮಾಡುವಾಗ ದುಡ್ಡಿನ ಪ್ಲಾನ್ ತೋರಿಸಿದರೆ ಅದನ್ನು ಬಿಟ್ಟು ಮುಂದೆ ಹೋಗಿ.

ರಿಪೋರ್ಟ್‌ನಲ್ಲಿ ಪ್ರತಿ ಸಾಲದ ಕೆಳಗೂ ತಿಂಗಳು ನಮೂದಿಸಿದ ಸಣ್ಣ ಸಣ್ಣ ಚೌಕಗಳಿರುತ್ತವೆ, 36 ತಿಂಗಳವರೆಗಿನ ಲೆಕ್ಕ. 000 ಎಂದಿದ್ದರೆ ಆ ತಿಂಗಳು ಬಾಕಿ ಇಲ್ಲ. 030 ಎಂದಿದ್ದರೆ ಕಂತು 30 ದಿನ ತಡ. ಮೂರು ಎಕ್ಸ್ ಇದ್ದರೆ ಬ್ಯಾಂಕು ಆ ತಿಂಗಳ ಮಾಹಿತಿ ಕಳಿಸಿಲ್ಲ ಎಂದು, ಅದಕ್ಕೆ ಗಾಬರಿ ಬೇಡ. ನಾನು ಸಾಲ ವಿಭಾಗದಲ್ಲಿ ಕೂತಿದ್ದಾಗ ಸ್ಕೋರ್‌ಗಿಂತ ಮೊದಲು ನನ್ನ ಕಣ್ಣು ಹೋಗುತ್ತಿದ್ದದ್ದು ಆ ಚೌಕಗಳ ಮೇಲೆ, ಆಮೇಲೆ ಸಾಲದ ಸ್ಥಿತಿ ಬರೆದಿರುವ ಜಾಗಕ್ಕೆ.

ನಿಮ್ಮ ಅರ್ಜಿ ಸಿಕ್ಕಿಬಿದ್ದಿರುವುದೂ ಬಹುಶಃ ಅಲ್ಲೇ. ಪೂರ್ತಿ ತೀರಿಸಿದ ಸಾಲಕ್ಕೆ "ಕ್ಲೋಸ್ಡ್" ಎಂದು ಬರುತ್ತದೆ. ನಿಮ್ಮದಕ್ಕೆ "ಸೆಟ್ಲ್ಡ್" ಎಂದು ಬಂದಿರುತ್ತದೆ. ಕೇಳಲು ಎರಡೂ ಒಂದೇ ಥರ, ಆದರೆ ಬ್ಯಾಂಕಿನವರು ಎರಡನೆಯದನ್ನು ಓದುವುದೇ ಬೇರೆ: ಇವರಿಂದ 92 ಸಾವಿರ ಬರಬೇಕಿತ್ತು, 40 ಬಂತು, ಉಳಿದ 52 ಸಾವಿರ ನಷ್ಟ. ಇದಕ್ಕಾಗಿ ನಿಮ್ಮನ್ನು ದೂರುತ್ತಿಲ್ಲ. ಆಗ ಮನೆಗೆ ಸಂಬಳವೇ ಬರುತ್ತಿರಲಿಲ್ಲ, ಅಲ್ವಾ? ಆದರೆ ಫೋನ್ ಮಾಡಿದವರು ಆ ಒಂದು ಪದದ ಅರ್ಥವನ್ನು ಅವತ್ತೇ ಬಿಡಿಸಿ ಹೇಳಬೇಕಿತ್ತು.

ಈಗಲೂ ದಾರಿ ಇದೆ. ಕಾರ್ಡ್ ಕೊಟ್ಟ ಬ್ಯಾಂಕಿಗೆ ಹಳೆಯ ಪತ್ರದ ಪ್ರತಿ ಇಟ್ಟು ಬರೆಯಿರಿ. ಉಳಿದ ಬಾಕಿ ಎಷ್ಟು, ಅದನ್ನು ಕಟ್ಟಿದರೆ ಖಾತೆಯನ್ನು "ಕ್ಲೋಸ್ಡ್" ಎಂದು ಬದಲಿಸಿ ಕಳಿಸುತ್ತೀರಾ ಎಂದು ಕೇಳಿ. ದುಡ್ಡು ಕಟ್ಟುವ ಮೊದಲೇ ಉತ್ತರ ಬರಹದಲ್ಲಿ ಕೈಗೆ ಬರಲಿ, ಬಾಯಿಮಾತು ಸಾಲದು. ಕಟ್ಟುವಾಗ ಬ್ಯಾಂಕಿನ ಖಾತೆಗೇ ಕಟ್ಟಿ, ಏಜೆಂಟರ ಯುಪಿಐಗೆ ಹಾಕಬೇಡಿ. ಆಮೇಲೆ ಬಾಕಿ ಏನೂ ಇಲ್ಲ ಎಂಬ ಪತ್ರ ಪಡೆದುಕೊಳ್ಳಿ. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ 15 ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು, ಹಾಗಾಗಿ ಮೊದಲಿನಷ್ಟು ಕಾಯಬೇಕಿಲ್ಲ. ಹಳೆಯ ತಡದ ಚೌಕಗಳು ತಕ್ಷಣ ಹೋಗುವುದಿಲ್ಲ, ಸ್ಕೋರ್ ಕೂಡ ನಿಧಾನವಾಗಿಯೇ ಏರುತ್ತದೆ.

ಇನ್ನು ಬೈಕ್ ಸಾಲ. ಯಾರಾದರೂ ನೆಂಟರಿಗೆ ಜಾಮೀನು ಹಾಕಿದ್ದೀರಾ, ನೆನಪು ಮಾಡಿಕೊಳ್ಳಿ. ಎಷ್ಟೋ ಜನ ಭಾವನ ಬೈಕಿಗೋ ತಮ್ಮನ ಟ್ರ್ಯಾಕ್ಟರಿಗೋ ಸುಮ್ನೆ ಒಂದು ಸಹಿ ಎಂದು ಹಾಕಿ ಮರೆತಿರುತ್ತಾರೆ. ಆ ಸಾಲ ಜಾಮೀನುದಾರರ ರಿಪೋರ್ಟ್‌ನಲ್ಲೂ ಬರುತ್ತದೆ, ಅವರು ಕಂತು ತಪ್ಪಿಸಿದರೆ ಪೆಟ್ಟು ನಿಮಗೂ ಬೀಳುತ್ತದೆ. ಸಾಲದ ವಿವರದಲ್ಲಿ ನಿಮ್ಮನ್ನು "ಗ್ಯಾರಂಟರ್" ಎಂದು ತೋರಿಸಿದೆಯೋ "ಇಂಡಿವಿಜುಯಲ್" ಎಂದೋ ನೋಡಿ.

ನಿಜಕ್ಕೂ ನಿಮ್ಮದಲ್ಲದಿದ್ದರೆ ಆ ರಿಪೋರ್ಟ್ ಕೊಟ್ಟ ಕಂಪನಿಯ ವೆಬ್‌ಸೈಟಿನಲ್ಲೇ ದೂರು ಹಾಕಿ, ಸಾಲ ಕೊಟ್ಟ ಸಂಸ್ಥೆಗೂ ಬರೆಯಿರಿ. ದೂರಿನ ಸಂಖ್ಯೆ, ತಾರೀಖು ಬರೆದಿಟ್ಟುಕೊಳ್ಳಿ, ಇದು ಮುಖ್ಯ. 30 ದಿನದಲ್ಲಿ ಇತ್ಯರ್ಥ ಆಗದಿದ್ದರೆ ಆಮೇಲಿನ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು. ಅಷ್ಟಾದರೂ ಜಗ್ಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಿ, ಅದಕ್ಕೂ ಶುಲ್ಕವಿಲ್ಲ. ನಿಮ್ಮ ಪ್ಯಾನ್ ಬಳಸಿ ಯಾರೋ ಮೋಸದಿಂದ ಸಾಲ ಎತ್ತಿದ್ದಾರೆ ಅನ್ನಿಸಿದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲು ತಡ ಮಾಡಬೇಡಿ.

ಇದೆಲ್ಲ ಮುಗಿಯುವವರೆಗೆ ಇನ್ನೊಂದು ಬ್ಯಾಂಕು, ಮತ್ತೊಂದು ಬ್ಯಾಂಕು ಎಂದು ಅರ್ಜಿ ಹಾಕಬೇಡಿ, ಪ್ರತಿ ಅರ್ಜಿಯ ವಿಚಾರಣೆಯೂ ರಿಪೋರ್ಟ್‌ನಲ್ಲಿ ದಾಖಲಾಗುತ್ತದೆ. ನಿಮ್ಮ ರಿಪೋರ್ಟನ್ನು ನೀವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ, ಎಷ್ಟು ಸಲವಾದರೂ ನೋಡಿ. "ಕ್ಲೋಸ್ಡ್" ಎಂದು ಬಂದ ಮೇಲೆ ಹೊಸ ರಿಪೋರ್ಟ್, ಬಾಕಿ ಇಲ್ಲದ ಪತ್ರ, ಸಂಬಳದ ಚೀಟಿ ಹಿಡಿದು ಮ್ಯಾನೇಜರ್ ಹತ್ತಿರ ನೀವೇ ಹೋಗಿ ಮಾತಾಡಿ. ಲಾಕ್‌ಡೌನ್‌ನಲ್ಲಿ ಆದದ್ದನ್ನು ಮುಚ್ಚಿಡದೆ ಹೇಳಿ.