ಪಾರ್ಸಲ್ ಚಿಕನ್ ಅನ್ನು ಮತ್ತೆ ಬೇಯಿಸಬೇಡಿ, ಬಿಸಿ ಮಾಡಿ

ಕ್ರಿಸ್‌ಮಸ್, ಹೊಸ ವರ್ಷ ಹತ್ತಿರ ಬಂದರೆ ಸಾಕು, ಅವೇ ಪ್ರಶ್ನೆಗಳು ಬರುತ್ತವೆ. ತಂದೂರಿ ತಂದು ಮಸಾಲೆ ಮಾಡೋದು ಹೇಗೆ? ರಾತ್ರಿ ಉಳಿದದ್ದು ತಿನ್ನಬಹುದಾ? ಯಾವ ಬಣ್ಣ ಹಾಕಬೇಕು? ಈ ಸಲ ಒಂದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ. ಉಳಿದವಕ್ಕೆ ಅಷ್ಟು ಜಾಗ ಬೇಕಾಗಿಲ್ಲ.

ಕ್ರಿಸ್‌ಮಸ್ ದಿನ ಚರ್ಚ್‌ನಿಂದ ಬರುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಎಂಟ್ಹತ್ತು ಜನ ಊಟಕ್ಕೆ ಬರುತ್ತಾರೆ. ಎರಡು ಫುಲ್ ತಂದೂರಿ ತಂದು ಮಸಾಲೆಗೆ ಹಾಕಬೇಕೆಂದಿದ್ದೇನೆ. ಹೋದ ವರ್ಷ ಹೀಗೇ ಮಾಡಿದಾಗ ಚಿಕನ್ ನಾರುನಾರಾಯಿತು, ಉಪ್ಪೂ ಜಾಸ್ತಿಯಾಯಿತು. – ಬೀದರಿನ ಓದುಗರು

ಮಸಾಲೆಗೆ ಹಾಕಿ ಅರ್ಧ ಗಂಟೆ ಕುದಿಸಿರುತ್ತೀರಿ, ಇಲ್ಲವೇ ಕುಕ್ಕರ್ ಕೂಗಿಸಿರುತ್ತೀರಿ. ನಮ್ಮ ಕಡೆ ಜವಾರಿ ಕೋಳಿ ಮಾಡಿ ರೂಢಿಯಾದವರು ಎಲ್ಲರೂ ಮಾಡುವುದು ಇದನ್ನೇ. ಜವಾರಿ ಕೋಳಿಗೆ ಅಷ್ಟು ಹೊತ್ತು ಬೇಕು. ಹೋಟೆಲಿನವರು ಕೊಡುವುದು ಎಳೆಯ ಬ್ರಾಯ್ಲರ್. ಅದು ತಂದೂರಿನಲ್ಲಿ ಒಮ್ಮೆ ಪೂರ್ತಿ ಬೆಂದಿದೆ. ಬೇಯುವಾಗ ಮಾಂಸದ ಎಳೆಗಳು ಬಿಗಿದುಕೊಂಡು ಒಳಗಿನ ನೀರನ್ನು ಹೊರಗೆ ಹಾಕುತ್ತವೆ. ಎರಡನೇ ಸಲ ಕುದಿಸಿದರೆ ಉಳಿದ ನೀರೂ ಹೋಗುತ್ತದೆ. ಎದೆಯ ತುಂಡಿನಲ್ಲಿ ಕೊಬ್ಬು ಕಡಿಮೆ, ಅದಕ್ಕೇ ಮೊದಲು ಅದು ಹಗ್ಗದ ಹಾಗಾಗುತ್ತದೆ. ಹಾಗಾಗಿ ಬೇಯಬೇಕಾದದ್ದು ಮಸಾಲೆ. ಚಿಕನ್‌ಗೆ ಬಿಸಿ ತಾಗಿದರೆ ಸಾಕು.

ಮಸಾಲೆಗೆ ಕ್ರೀಮ್, ಗೋಡಂಬಿ ಹುಡುಕಬೇಡಿ. ತಂದೂರಿಯ ಹೊಗೆ ವಾಸನೆಗೆ ನಮ್ಮ ಸಾಲನ್ ಮಸಾಲೆಯೇ ಸರಿಯಾದ ಜೋಡಿ. ಅರ್ಧ ಬಟ್ಟಲು ಶೇಂಗಾ, ಎರಡು ದೊಡ್ಡ ಚಮಚ ಬಿಳಿ ಎಳ್ಳು, ಕಾಲು ಬಟ್ಟಲು ಒಣಕೊಬ್ಬರಿ ತುರಿ ತಗೊಳ್ಳಿ. ಮೂರನ್ನೂ ಬೇರೆ ಬೇರೆ ಹುರಿಯಿರಿ. ಒಟ್ಟಿಗೆ ಹಾಕಿದರೆ ಶೇಂಗಾ ಹುರಿಯುವಷ್ಟರಲ್ಲಿ ಎಳ್ಳು ಸೀದು ಕಹಿಯಾಗುತ್ತದೆ. ನಾಲ್ಕು ಉಳ್ಳಾಗಡ್ಡಿ ಉದ್ದಕ್ಕೆ ಹೆಚ್ಚಿ ಎಣ್ಣೆಯಲ್ಲಿ ಕಂದು ಬಣ್ಣಕ್ಕೆ ಕರಿಯಿರಿ. ಅರ್ಧವನ್ನು ಮೇಲೆ ಉದುರಿಸಲು ಎತ್ತಿಡಿ, ಉಳಿದರ್ಧವನ್ನು ಶೇಂಗಾ, ಎಳ್ಳು, ಕೊಬ್ಬರಿ ಜೊತೆ ನುಣ್ಣಗೆ ರುಬ್ಬಿ.

ಅದೇ ಎಣ್ಣೆಗೆ ಜೀರಿಗೆ, ಕರಿಬೇವು, ಎರಡು ಚಮಚ ಶುಂಠಿ-ಬಳ್ಳುಳ್ಳಿ ಪೇಸ್ಟ್, ಅರಿಶಿನ, ಖಾರದ ಪುಡಿ, ಧನಿಯಾ ಪುಡಿ ಹಾಕಿ. ಹಸಿ ವಾಸನೆ ಹೋದ ಮೇಲೆ ರುಬ್ಬಿದ್ದನ್ನು ಸೇರಿಸಿ. ಉರಿ ಸಣ್ಣಗಿರಲಿ, ಕೈ ಆಡಿಸುತ್ತಲೇ ಇರಿ. ಶೇಂಗಾ ಬಹಳ ಬೇಗ ತಳ ಹಿಡಿಯುತ್ತದೆ. ಎಣ್ಣೆ ಬಿಡುವವರೆಗೆ ಅವಸರ ಬೇಡ, ರುಚಿಯೆಲ್ಲ ಬರುವುದು ಇಲ್ಲೇ. ಆಮೇಲೆ ಸ್ವಲ್ಪ ಹುಣಸೆ ರಸ, ಮೂರು ಬಟ್ಟಲು ಬಿಸಿನೀರು ಹಾಕಿ ಹತ್ತು ನಿಮಿಷ ಕುದಿಸಿ. ಉಪ್ಪು ಹಾಕಬೇಡಿ, ಗರಂ ಮಸಾಲೆಯೂ ಬೇಡ. ಎರಡೂ ತಂದೂರಿಯಲ್ಲೇ ಇವೆ. ಹೋದ ವರ್ಷ ನಿಮಗೆ ಉಪ್ಪು ಜಾಸ್ತಿಯಾಗಿದ್ದೂ ಇದರಿಂದಲೇ. ಚಿಕನ್ ಬಿದ್ದ ಮೇಲೆ ರುಚಿ ನೋಡಿ, ಬೇಕಾದರೆ ಮಾತ್ರ ಹಾಕಿ.

ಇಲ್ಲಿಯವರೆಗಿನ ಕೆಲಸವನ್ನು ಹಿಂದಿನ ರಾತ್ರಿಯೇ ಮುಗಿಸಿ ಮಸಾಲೆಯನ್ನು ಫ್ರಿಜ್‌ನಲ್ಲಿಡಬಹುದು. ಚಿಕನ್ ಮಾತ್ರ ಹಿಂದಿನ ದಿನ ತರಬೇಡಿ. ಚರ್ಚ್‌ನಿಂದ ಬರುವ ದಾರಿಯಲ್ಲಿ ಬಿಸಿಯಾಗಿಯೇ ತನ್ನಿ. ಹೋಟೆಲಿಗೆ ಮುಂಚೆಯೇ ಫೋನ್ ಮಾಡಿ ಸಮಯ ಹೇಳಿಡಿ.

ಮನೆಗೆ ಬಂದ ಮೇಲೆ ಮಸಾಲೆ ಕುದಿಯಲಿಕ್ಕೆ ಇಡಿ. ಗಟ್ಟಿಯಾಗಿದ್ದರೆ ಬಿಸಿನೀರು ಹಾಕಿ. ಚಿಕನ್ ಅನ್ನು ಕೀಲಿನಲ್ಲಿ ಬಿಡಿಸಿ, ಎದೆಯ ತುಂಡನ್ನು ಎರಡು ಮಾಡಿ. ಪಾರ್ಸಲ್ ಡಬ್ಬಿಯ ತಳದಲ್ಲಿರುವ ರಸವನ್ನು ಚೆಲ್ಲಬೇಡಿ, ಮಸಾಲೆಗೆ ಹಾಕಿ. ಮೊದಲು ಕಾಲು ತೊಡೆ, ಎರಡು ನಿಮಿಷ ಬಿಟ್ಟು ಎದೆ. ಮುಚ್ಚಳ ಮುಚ್ಚಿ ಐದಾರು ನಿಮಿಷ ಇಡಿ. ದಪ್ಪ ತುಂಡನ್ನು ಮುರಿದು ನೋಡಿ: ಮೂಳೆಯ ಹತ್ತಿರವೂ ಹಬೆ ಬರಬೇಕು, ಬೆರಳಿಡಲು ಆಗಬಾರದು. ಥರ್ಮಾಮೀಟರ್ ಇದ್ದರೆ ಒಳಗೆ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಅಷ್ಟಾದ ತಕ್ಷಣ ಒಲೆ ಆರಿಸಿ.

ಎಲ್ಲಾ ತುಂಡುಗಳನ್ನೂ ಮಸಾಲೆಗೆ ಹಾಕಬೇಕೆಂದೇನಿಲ್ಲ. ಮಕ್ಕಳಿಗೆ ಎರಡು ಲೆಗ್ ಪೀಸ್ ಎತ್ತಿಟ್ಟು, ತವೆಯ ಮೇಲೆ ಬೆಣ್ಣೆ ಹಾಕಿ ಮುಚ್ಚಿಟ್ಟು ಬಿಸಿ ಮಾಡಿಕೊಡಿ. ತಂದೂರಿ ಬದಲು ಚರ್ಮವಿರುವ ಗ್ರಿಲ್ ಚಿಕನ್ ತಂದಿದ್ದರೆ ಚರ್ಮ ತೆಗೆದೇ ಮಸಾಲೆಗೆ ಹಾಕಿ, ನೆನೆದ ಚರ್ಮ ಯಾರೂ ತಿನ್ನುವುದಿಲ್ಲ. ಮೇಲೆ ಕರಿದ ಉಳ್ಳಾಗಡ್ಡಿ, ಪುದೀನಾ, ಕೋತಂಬರಿ. ಪಕ್ಕಕ್ಕೆ ಬಗಾರಾ ಅನ್ನ, ಜೋಳದ ರೊಟ್ಟಿ, ಲಿಂಬೆ ಹೋಳು. ಹೀಗೆ ಬಡಿಸಿದರೆ ಅದು ನಿಮ್ಮ ಮನೆಯ ಅಡುಗೆಯೇ. ಹೋಟೆಲಿನದು ಎಂದು ಯಾಕೆ ಸಂಕೋಚ?

ರಾತ್ರಿ ತಂದ ಗ್ರಿಲ್ ಚಿಕನ್ ಬೆಳಗಿನವರೆಗೆ ಹೊರಗೇ ಇತ್ತು. ವಾಸನೆ ಬಂದಿಲ್ಲ. ಚೆನ್ನಾಗಿ ಕುದಿಸಿದರೆ ಆಗಲ್ವಾ? – ಕಲಬುರಗಿ

ಆಗಲ್ಲ. ಬಿಸಾಡಿ. ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಹೆದರಿಕೆಯಾಗುತ್ತದೆ, ಯಾಕೆಂದರೆ ಕೇಳುವ ಹೊತ್ತಿಗೆ ಅರ್ಧ ಜನ ತಿಂದಾಗಿರುತ್ತದೆ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ನಿಜ. ಆದರೆ ಸ್ಟೆಫೈಲೋಕಾಕಸ್‌ನಂಥವು ಆಹಾರದಲ್ಲಿ ಮೊದಲೇ ಬಿಟ್ಟಿರುವ ವಿಷ ಕುದಿಸಿದರೂ ಹೋಗುವುದಿಲ್ಲ. ಅದಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಬೇಯಿಸಿದ ಚಿಕನ್ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. 32 ಡಿಗ್ರಿ ದಾಟಿದ ಸೆಕೆಯಲ್ಲಿ ಒಂದೇ ಗಂಟೆ. ನಮ್ಮ ಬೇಸಿಗೆಯಲ್ಲಿ ಲೆಕ್ಕ ಇನ್ನೂ ಬಿಗಿ ಅಂತ ಇಟ್ಟುಕೊಳ್ಳಿ. ಫ್ರಿಜ್‌ನಲ್ಲಿ ಸಣ್ಣ ತುಂಡು ಮಾಡಿ ಇಟ್ಟರೆ ಮೂರು ದಿನ ಸಾಕು. ಒಮ್ಮೆ ಬಿಸಿ ಮಾಡಿದ್ದನ್ನು ಮತ್ತೆ ಒಳಗಿಟ್ಟು ಮತ್ತೆ ತೆಗೆಯುವ ಆಟ ಬೇಡ.

ಹಳಸಿದ ಊಟದ ವಿಷ ತೆಗೆಯುತ್ತದೆ ಎಂದು ಚೂರ್ಣದ ಪೊಟ್ಟಣ ಮಾರುವವರು ಇದ್ದಾರೆ. ಅಂಥವರನ್ನು ನಂಬಿ ಮಗುವಿನ ವಾಂತಿ-ಬೇಧಿಯನ್ನು ಮನೆಯಲ್ಲೇ ನೋಡುತ್ತ ಕೂರಬೇಡಿ. ಓಆರ್‌ಎಸ್ ಕುಡಿಸುತ್ತಾ ಡಾಕ್ಟರ ಹತ್ತಿರ ಕರೆದೊಯ್ಯಿರಿ.

ಮಸಾಲೆ ಹೋಟೆಲಿನಂತೆ ಕೆಂಪಗೆ ಕಾಣಲು ಯಾವ ಬಣ್ಣ ಹಾಕಲಿ? – ಯಾದಗಿರಿ

ಯಾವುದೂ ಬೇಡ. ಚಿಕನ್, ಮೀನಿನ ಕಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಜೂನ್‌ನಲ್ಲೇ ನಿಷೇಧಿಸಿದೆ. ಅಂಗಡಿಗೆ ಬೇಡವಾದದ್ದು ಮನೆಗೆ ಯಾಕೆ? ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿ ಹಾಕಿ, ಕೆಂಪು ತಾನಾಗಿ ಬರುತ್ತದೆ. ಪಾರ್ಸಲ್ ಚಿಕನ್ ಮುಟ್ಟಿದರೆ ಕೈಗೆ ಕುಂಕುಮದ ಬಣ್ಣ ಹತ್ತುತ್ತಿದ್ದರೆ ಮುಂದಿನ ಸಲ ಆ ಅಂಗಡಿ ಬಿಡಿ.

ಬ್ರಾಯ್ಲರ್ ಕೋಳಿಗೆ ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಬೆಳೆಸುತ್ತಾರಂತೆ?

ಇಲ್ಲ. ತಳಿ ಮತ್ತು ಮೇವಿನಿಂದ ಬೇಗ ಬೆಳೆಯುತ್ತದೆ. ಇದನ್ನು ಮತ್ತೆ ಕೇಳಬೇಡಿ.

ಲಿಂಬೆರಸ ಹಿಂಡಿಟ್ಟರೆ ಚಿಕನ್ ಕೆಡುವುದಿಲ್ಲವಾ?

ಕೆಡುತ್ತದೆ. ಲಿಂಬೆ ರುಚಿಗೆ ಮಾತ್ರ.

ಪಾರ್ಸಲ್ ಜೊತೆ ಬಂದ ಮಯೋನೀಸ್ ಮರುದಿನಕ್ಕೆ ಇಟ್ಟುಕೊಳ್ಳಬಹುದಾ?

ಇಡಬೇಡಿ. ಹಸಿ ಮೊಟ್ಟೆಯಿಂದ ಮಾಡಿದ್ದಾದರೆ ಅದೇ ದಿನವೂ ಬೇಡ. ಪಕ್ಕದ ತೆಲಂಗಾಣ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಹಸಿ ಮೊಟ್ಟೆಯ ಮಯೋನೀಸ್ ಅನ್ನು ಒಂದು ವರ್ಷ ನಿಷೇಧಿಸಿದ್ದು ಸುಮ್ನೆ ಅಲ್ಲ. ಗಟ್ಟಿ ಮೊಸರಿಗೆ ಬಳ್ಳುಳ್ಳಿ, ಪುದೀನಾ, ಹಸಿಮೆಣಸಿನಕಾಯಿ ಅರೆದು ಕಲಸಿ. ತಂದೂರಿಗೆ ಇದೇ ಹೆಚ್ಚು ಹೊಂದುತ್ತದೆ.