ತುಂಗನಾಥದ ದಾರಿಗೆ ಎಂಥ ಉಡುಪು?

ಪ್ರಶ್ನೆ: ನವೆಂಬರ್ ಕೊನೆಯಲ್ಲಿ ನಾನೂ ನನ್ನ ತಂಗಿಯೂ ಉತ್ತರಾಖಂಡಕ್ಕೆ ಹೋಗುವವರಿದ್ದೇವೆ. ಚೋಪ್ತಾದಿಂದ ತುಂಗನಾಥನ ಗುಡಿಗೂ ಅದರ ಮೇಲಿನ ಚಂದ್ರಶಿಲೆ ಶಿಖರಕ್ಕೂ ಹತ್ತಿ ಅದೇ ದಿನ ಇಳಿಯುವ ಯೋಚನೆಯಿದೆ. ಇದಕ್ಕೆ ಒಂದು ದಪ್ಪ ಜರ್ಕಿನ್ ಸಾಕೇ? ಮನೆಯಲ್ಲಿರುವ ಕುರಿ ಕಂಬಳಿಯನ್ನೂ ಒಯ್ಯಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಜರ್ಕಿನ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಚೋಪ್ತಾ ಸುಮಾರು 2,700 ಮೀಟರ್ ಎತ್ತರದಲ್ಲಿದ್ದರೆ ತುಂಗನಾಥ ಸುಮಾರು 3,680 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದರೆ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಚಂದ್ರಶಿಲೆಯ ಬೋಳು ನೆತ್ತಿಯ ಮೇಲೆ ಬೀಸುವ ಗಾಳಿ ಬೇರೆ. ಆದರೂ ಹತ್ತುವಾಗ ಚಳಿಗಿಂತ ಹೆಚ್ಚು ಎಚ್ಚರ ಬೇಕಾಗುವುದು ಬೆವರಿನ ವಿಷಯದಲ್ಲಿ. ದಪ್ಪ ಜರ್ಕಿನ್ ತೊಟ್ಟು ಆ ಏರನ್ನು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಒಳಬಟ್ಟೆ ತೊಯ್ದುಹೋಗುತ್ತದೆ. ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚಾಗಿ ಶಾಖವನ್ನು ಸಾಗಿಸುವುದರಿಂದ, ನೀವು ದಣಿವಾರಿಸಿಕೊಳ್ಳಲು ನಿಂತ ಕೂಡಲೇ ಆ ಒದ್ದೆ ಬಟ್ಟೆಯೇ ಮೈಯ ಬಿಸಿಯನ್ನು ಹೀರತೊಡಗುತ್ತದೆ.

ಆದ್ದರಿಂದ ನನ್ನ ಮೊದಲ ಒತ್ತಾಯವೆಂದರೆ ಹತ್ತಿಯ ಬನಿಯನ್ನನ್ನೂ ಜೀನ್ಸನ್ನೂ ಆ ದಿನ ತೊಡಬೇಡಿ. ನಮ್ಮ ಸೆಕೆಗೆ ಹತ್ತಿಯಷ್ಟು ಹಿತವಾದ ಬಟ್ಟೆ ಇನ್ನೊಂದಿಲ್ಲ, ನಿಜ. ಆದರೆ ಬೆವರನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಒಣಗುವ ಅದರ ಗುಣವೇ ಅಲ್ಲಿ ತೊಂದರೆ ಕೊಡುತ್ತದೆ. ಮೈಗೆ ತಾಗುವ ಪದರ ಪಾಲಿಯೆಸ್ಟರಿನದೋ ತೆಳು ಉಣ್ಣೆಯದೋ ಆಗಿರಲಿ. ಅದರ ಮೇಲೆ ಫ್ಲೀಸ್ (ಕೃತಕ ನಾರಿನ ಮೆತ್ತನೆಯ ತುಪ್ಪುಳ ಬಟ್ಟೆ) ಅಥವಾ ಉಣ್ಣೆಯ ಸ್ವೆಟರ್ ಇರಲಿ. ಬೆಚ್ಚಗಿಡುವುದು ನೂಲಿನ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯಾದ್ದರಿಂದ ಅದು ಮೈಗೆ ಬಿಗಿಯಾಗಬಾರದು. ಹೊರಗಿನ ಪದರ ದಪ್ಪವಿರಬೇಕಾಗಿಲ್ಲ. ಗಾಳಿಯನ್ನೂ ಹಿಮವನ್ನೂ ತಡೆದು, ಜಿಪ್ ತೆರೆದರೆ ಒಳಗಿನ ಆವಿಯನ್ನು ಹೊರಬಿಡುವಂತಿದ್ದರೆ ಸಾಕು.

ಚೋಪ್ತಾದಿಂದ ಹೊರಡುವಾಗ ತುಸು ಚಳಿಯೆನಿಸುವಷ್ಟೇ ಉಡುಪು ತೊಟ್ಟು ಹೊರಡಿ, ಏಕೆಂದರೆ ಹತ್ತೇ ನಿಮಿಷದ ಏರು ಮೈಯನ್ನು ಬೆಚ್ಚಗಾಗಿಸುತ್ತದೆ. ಬೆವರುವ ಮೊದಲೇ ಸ್ವೆಟರ್ ಕಳಚಿ ಚೀಲಕ್ಕೆ ಹಾಕಿ, ನಿಂತಾಗ ನಡುಕ ಬರುವ ಮೊದಲೇ ಮತ್ತೆ ತೊಡಿ. ಹೀಗೆ ಪದೇ ಪದೇ ತೆಗೆದು ತೊಡುವುದು ಬೇಸರವೆನಿಸಿದರೂ ಪದರಗಳ ಪ್ರಯೋಜನವೆಲ್ಲ ಅದರಲ್ಲೇ ಇದೆ. ನೀವು ಕೇಳಿದ ದಪ್ಪ ಜರ್ಕಿನ್ ಚೀಲದಲ್ಲಿರಲಿ, ಚಂದ್ರಶಿಲೆಯ ಮೇಲೆ ಕುಳಿತುಕೊಳ್ಳುವಾಗ ಅದು ಬೇಕೇ ಬೇಕು. ಹಕ್ಕಿಯ ಪುಕ್ಕ ತುಂಬಿದ ಜರ್ಕಿನ್ ಹಗುರವಾದರೂ ಒದ್ದೆಯಾದರೆ ಮುದುಡಿ ಬಿಸಿ ಕಳೆದುಕೊಳ್ಳುತ್ತದೆ. ಕೃತಕ ನಾರು ತುಂಬಿದ್ದನ್ನೇ ಆರಿಸಿಕೊಳ್ಳುವುದು ಮೇಲು.

ಕೈಗವಸು, ಕಿವಿ ಮುಚ್ಚುವ ಟೋಪಿ, ಇನ್ನೊಂದು ಜೊತೆ ಉಣ್ಣೆಯ ಕಾಲುಚೀಲ, ಒಣ ಬನಿಯನ್ ಇವನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಳ್ಳಿ. ಆ ಹೊತ್ತಿಗೆ ತುಂಗನಾಥನ ಗುಡಿಯ ಬಾಗಿಲು ಮುಚ್ಚಿ ಉತ್ಸವಮೂರ್ತಿ ಚಳಿಗಾಲದ ನೆಲೆಯಾದ ಮಕ್ಕೂಮಠಕ್ಕೆ ಇಳಿದಿರುತ್ತದೆ. ಹಾಗಾಗಿ ದಾರಿಯ ಅಂಗಡಿಗಳು ತೆರೆದಿರುತ್ತವೆಂದು ನಂಬಿ ಹೊರಡುವಂತಿಲ್ಲ.

ಇನ್ನು ಕಂಬಳಿಯ ವಿಷಯ. ನಮ್ಮ ದಖನಿ ಕುರಿಯ ಉಣ್ಣೆ ತೇವದಲ್ಲೂ ಬೆಚ್ಚಗಿರುತ್ತದೆ; ನಮ್ಮ ಕುರಿಗಾಹಿಗಳು ಮಳೆಯಲ್ಲಿ ಅದನ್ನೇ ಕೊಪ್ಪೆ ಹಾಕಿಕೊಂಡು ನಿಲ್ಲುತ್ತಾರೆ. ಆದರೆ ಹೊತ್ತು ಹತ್ತಲು ಅದು ಬಲು ಭಾರ. ಚೋಪ್ತಾದ ಕೋಣೆಯವರೆಗೆ ಖಂಡಿತ ಒಯ್ಯಿರಿ, ರಾತ್ರಿ ಹೊದೆಯಲು ಬೇಕಾಗುತ್ತದೆ.