ದಾರಿ ತಪ್ಪಿದ ಒಂದೂವರೆ ಗಂಟೆ, ಆಮೇಲಿನ ಎದೆಬಡಿತ

(ಗುರುತು ಸಿಗದಂತೆ ವಯಸ್ಸು, ಕೆಲಸ, ದಿನಗಳ ವಿವರ ಬದಲಿಸಿದೆ.)

ಬೆಂಗಳೂರಿನಲ್ಲಿ ಕೆಲಸದಲ್ಲಿರುವ, ಮೂವತ್ತರ ಆಸುಪಾಸಿನ ಮಹಿಳೆ. ಬೆನ್ನಿಗೆ ಬ್ಯಾಗು ಏರಿಸಿ ಮಲೆನಾಡಿನಲ್ಲಿ ಒಬ್ಬರೇ ತಿರುಗುವುದು ನಾಲ್ಕು ವರ್ಷದ ರೂಢಿ. ಅಕ್ಟೋಬರ್ ಕೊನೆಯಲ್ಲಿ ಕಳಸದ ಹತ್ತಿರ ಒಂದು ಹೋಂಸ್ಟೇಯಿಂದ ಇನ್ನೊಂದಕ್ಕೆ ನಡೆದು ಹೋಗುವಾಗ ಡಾಂಬರು ರಸ್ತೆ ಬಿಟ್ಟು ಕಾಫಿ ತೋಟದ ಒಳದಾರಿ ಹಿಡಿದರು. ತೋಟ ಮುಗಿದು ಕಾಡು ಶುರುವಾಯಿತು, ಮಂಜು ಕವಿಯಿತು, ದಾರಿ ತಪ್ಪಿತು. ಒಂದೂವರೆ ಗಂಟೆ ಕಳೆದ ಮೇಲೆ ತೋಟದ ಆಳೊಬ್ಬರು ನೋಡಿ ರಸ್ತೆ ಮುಟ್ಟಿಸಿದರು. ಕಾಲಿಗೆ ಇಂಬಳ (ಜಿಗಣೆ) ಕಚ್ಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಊರಿಗೆ ಬಂದ ಮೇಲೆ ಮಾತ್ರ ನಿದ್ದೆ ಹೋಯಿತು. ಆಫೀಸಿನ ಲಿಫ್ಟಿನಲ್ಲಿ ನಿಂತರೂ ಎದೆ ಹೊಡೆದುಕೊಳ್ಳುವುದು, ಬೆರಳು ಜೋಮು ಹಿಡಿಯುವುದು. ಇನ್ನು ಮೂರು ವಾರ ಕಳೆದರೆ ಕುದುರೆಮುಖ ಚಾರಣದ ಬುಕಿಂಗ್ ಇತ್ತು. ಅಮ್ಮ "ಇನ್ನು ಸಾಕು ಮಾಡು" ಅಂದಿದ್ದರು. ಹೋಗಲೋ ಬಿಡಲೋ ಎಂಬುದೇ ಆಪ್ತಸಮಾಲೋಚಕರಾದ ನಮ್ಮ ಹತ್ತಿರ ಅವರು ತಂದ ಪ್ರಶ್ನೆ.

ಮಾತಿಗೆ ಮೊದಲು ವೈದ್ಯರ ಹತ್ತಿರ ಕಳಿಸಿದ್ದಾಯಿತು. ಇಸಿಜಿ, ಥೈರಾಯ್ಡ್, ಹಿಮೋಗ್ಲೋಬಿನ್ ಸರಿಯಿದ್ದವು. ಎದೆಬಡಿತವನ್ನು ನೇರವಾಗಿ ಮನಸ್ಸಿನ ಲೆಕ್ಕಕ್ಕೆ ಬರೆದುಬಿಡುವುದು ತಪ್ಪು.

ಎರಡನೇ ಭೇಟಿಯಿಡೀ ಆ ದಿನವನ್ನು ಗಂಟೆ ಗಂಟೆಯಾಗಿ ಬಿಡಿಸಿಟ್ಟೆವು. ಬೆಳಿಗ್ಗೆ 7ಕ್ಕೆ ಒಂದು ಲೋಟ ಕಾಫಿ, ನಾಲ್ಕು ಬಿಸ್ಕತ್ತು. ಮಧ್ಯಾಹ್ನ 2ರವರೆಗೆ ಕುಡಿದ ನೀರು ಒಂದು ಲೀಟರಿಗೂ ಕಡಿಮೆ. ದಾರಿ ತಪ್ಪಿದೆ ಅನ್ನಿಸಿದ ಕೂಡಲೇ ನಡಿಗೆ ಜೋರಾಗಿದೆ. 40 ನಿಮಿಷ ಒಂದು ಹಳ್ಳದ ಗುಂಟ ಕೆಳಕ್ಕೆ ಇಳಿದಿದ್ದಾರೆ. ಹಸಿದ ಹೊಟ್ಟೆ, ಒಣಗಿದ ಬಾಯಿ, ಓಟದಂಥ ನಡಿಗೆ: ಎದೆ ಹೊಡೆದುಕೊಳ್ಳಲು ಇಷ್ಟೇ ಸಾಕಿತ್ತು. ಅದರ ಮೇಲೆ ಭಯಕ್ಕೆ ಉಸಿರಾಟ ವೇಗವಾದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಬೆರಳು, ತುಟಿ ಜುಮುಗುಡುತ್ತವೆ, ತಲೆ ಹಗುರಾಗುತ್ತದೆ. "ಸತ್ತೇ ಹೋಗ್ತೀನಿ ಅನ್ನಿಸ್ತು" ಎಂದದ್ದು ಇದಕ್ಕೇ. ಪ್ಯಾನಿಕ್, ಅಂದರೆ ಏಕಾಏಕಿ ಮೈಯೇರುವ ಭಯ, ಸಾಮಾನ್ಯವಾಗಿ ಹತ್ತು ನಿಮಿಷದಲ್ಲಿ ಏರಬೇಕಾದಷ್ಟು ಏರಿ ತಾನಾಗಿ ಇಳಿಯುತ್ತದೆ. ಇದು ಗೊತ್ತಿಲ್ಲದವರು ಓಡುತ್ತಾರೆ, ಓಡಿದಷ್ಟೂ ಅದು ಬೆಳೆಯುತ್ತದೆ.

ಆಮೇಲೆ ಕೇಳಿದ್ದು: ಅಷ್ಟರಲ್ಲಿ ತೀರಾ ಕೆಟ್ಟ ಗಳಿಗೆ ಯಾವುದು? ಹಾವು, ಆನೆ ಅನ್ನುತ್ತಾರೆಂದುಕೊಂಡರೆ ಅಲ್ಲ. ಫೋನಿನಲ್ಲಿ ಬ್ಯಾಟರಿ ಶೇ. 11 ಎಂದು ಕಂಡಾಗ, ತಾನು ಈ ದಾರಿ ಹಿಡಿದದ್ದು ಭೂಮಿ ಮೇಲೆ ಒಬ್ಬರಿಗೂ ಗೊತ್ತಿಲ್ಲ ಎಂದು ಹೊಳೆದದ್ದು. ಬಿಟ್ಟು ಬಂದ ಹೋಂಸ್ಟೇಯವರು ಬಸ್ಸಿಗೆ ಹೋದರೆಂದುಕೊಂಡಿದ್ದರು. ಮುಂದಿನ ಹೋಂಸ್ಟೇಯವರಿಗೆ "ಸಂಜೆ ಬರ್ತೀನಿ" ಅಂದಿದ್ದರಷ್ಟೇ. ಅಮ್ಮನಿಗೆ ಹೇಳಿದ್ದು ಚಿಕ್ಕಮಗಳೂರಿನ ಹಾಸ್ಟೆಲ್‌ನಲ್ಲಿದ್ದೇನೆ ಎಂದು. ಹೀಗಾಗಿ ಮದ್ದು ಬೇಕಿದ್ದದ್ದು ಕಾಡಿನ ಭಯಕ್ಕಲ್ಲ.

ಕೊಟ್ಟ ಸಲಹೆ ಇದು. ಪ್ರವಾಸ ರದ್ದು ಬೇಡ, ನಾಲ್ಕು ವಾರ ಮುಂದಕ್ಕೆ ಹಾಕಿ. ಪೂರ್ತಿ ಬಿಟ್ಟರೆ ಭಯವೇ ಗೆದ್ದಂತಾಗಿ ಲಿಫ್ಟಿನಿಂದ ಬಸ್ಸಿಗೂ ಹಬ್ಬುತ್ತದೆ; ಈಗಲೇ ಹೋದರೆ ನಿದ್ದೆಗೆಟ್ಟ ಮೈಯಲ್ಲಿ ಬೆಟ್ಟ ಹತ್ತಬೇಕಾಗುತ್ತದೆ. ಮೊದಲ ವಾರ ದಿನಾ ಒಂದು ನಿಮಿಷ ಮೆಟ್ಟಿಲು ಜೋರಾಗಿ ಹತ್ತಿ ಕೂರುವುದು, ನಾಡಿ ಹಿಡಿದು ನೋಡದೆ ಬಡಿತ ತಾನಾಗಿ ಇಳಿಯಲು ಬಿಡುವುದು. (ಹೃದಯದ ತೊಂದರೆ ಇಲ್ಲವೆಂದು ಖಾತ್ರಿಯಾದವರಿಗೆ ಮಾತ್ರ ಇದು.) ಎರಡನೇ ವಾರ ಕಬ್ಬನ್ ಪಾರ್ಕಿನಲ್ಲಿ ಫೋನು ಆರಿಸಿಟ್ಟು ಅರ್ಧ ಗಂಟೆ ಒಬ್ಬರೇ ನಡೆಯುವುದು. ಮೂರನೆಯದರಲ್ಲಿ ಶಿವಗಂಗೆ: ಹತ್ತುವುದೂ ಇದೆ, ಜನವೂ ಇರುತ್ತಾರೆ. ಆಮೇಲೆ ಕುದುರೆಮುಖ.

ದಾರಿ ತಪ್ಪಿದರೆ ಮಾಡಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದು ಬ್ಯಾಗಿನ ಮೇಲಿನ ಜೇಬಿಗೆ ಹಾಕಿಸಿದೆವು, ಏಕೆಂದರೆ ಆ ಹೊತ್ತಿನಲ್ಲಿ ನೆನಪು ಕೈಕೊಡುತ್ತದೆ. ನಿಲ್ಲಿ. ಬ್ಯಾಗು ಇಳಿಸಿ ಕೂರಿ. ನಾಲ್ಕು ಗುಟುಕು ನೀರು, ಒಂದು ಶೇಂಗಾ ಚಿಕ್ಕಿ. ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ, ಐದು ನಿಮಿಷ. ಖಚಿತವಾಗಿ ಗೊತ್ತಿದ್ದ ಕೊನೆಯ ಜಾಗ ಯಾವುದು? ಬಂದ ದಾರಿ ಸ್ಪಷ್ಟವಾಗಿ ಕಂಡರೆ ಅಲ್ಲಿಗೆ ವಾಪಸ್, ಇಲ್ಲವಾದರೆ ಅಲ್ಲೇ ಇರಿ. ಸೀಟಿ ಮೂರು ಸಲ, ಒಂದು ನಿಮಿಷ ಬಿಟ್ಟು ಮತ್ತೆ ಮೂರು ಸಲ. ಹಳ್ಳ ಹಿಡಿದರೆ ಊರು ಸಿಗುತ್ತದೆ ಎಂಬ ಮಾತನ್ನು ಘಟ್ಟದಲ್ಲಿ ನಂಬಬೇಡಿ: ಪಾಚಿಗಟ್ಟಿದ ಬಂಡೆ ದಾಟಿದ ಮೇಲೆ ಹಳ್ಳ ಅಬ್ಬಿಯಾಗಿ ಧುಮುಕುತ್ತದೆ, ಇಳಿದವರಿಗೆ ಮೇಲೆ ಹತ್ತಲೂ ಆಗುವುದಿಲ್ಲ. ಸಿಗ್ನಲ್ ಹುಡುಕುತ್ತಲೇ ಫೋನು ಖಾಲಿಯಾಗುತ್ತದೆ. ನಡೆಯುವಾಗ ಫ್ಲೈಟ್ ಮೋಡ್‌ನಲ್ಲಿಡಿ, ಮೊದಲೇ ಇಳಿಸಿಕೊಂಡ ಮ್ಯಾಪ್‌ನಲ್ಲಿ ಜಿಪಿಎಸ್ ಆಗಲೂ ಕೆಲಸ ಮಾಡುತ್ತದೆ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ 112ಕ್ಕೆ ಪ್ರಯತ್ನಿಸಿ, ಬೇರೆ ಕಂಪನಿಯ ಟವರ್ ಮೂಲಕ ಕರೆ ಹೋಗಬಹುದು.

ಮೂರನೇ ಭೇಟಿಗೆ ಅಮ್ಮನನ್ನೂ ಕರೆಸಿದೆವು. ಅವರು ಕೇಳಿದ್ದು ಲೈವ್ ಲೊಕೇಶನ್. ಅದು ಬೇಡವೆಂದೆವು. ಸಿಗ್ನಲ್ ಹೋದ ಜಾಗದಲ್ಲೇ ಚುಕ್ಕೆ ನಿಂತುಬಿಡುತ್ತದೆ. ಮಗಳು ಆರಾಮಾಗಿ ನಡೆಯುತ್ತಿದ್ದರೂ ಮನೆಯಲ್ಲಿ ನಾಲ್ಕು ಗಂಟೆ ಒದ್ದಾಟ. ಅದರ ಬದಲು ಬೆಳಿಗ್ಗೆ ಹೊರಡುವಾಗ ಒಂದು, ಸಂಜೆ ತಲುಪಿದಾಗ ಒಂದು ಸಂದೇಶ. ರಾತ್ರಿ 8ರವರೆಗೂ ಬರದಿದ್ದರೆ ಅಮ್ಮ ಹೋಂಸ್ಟೇಗೆ ಫೋನ್ ಮಾಡುವುದು, ಅದಕ್ಕೆ ಮೊದಲು ಮಾಡದಿರುವುದು. ಹೋಂಸ್ಟೇಯವರ ಕೈಗೆ ಚೀಟಿ: ಹೆಸರು, ರಕ್ತದ ಗುಂಪು, ಹೋಗುವ ದಾರಿ, ಮರಳುವ ಹೊತ್ತು, ಅಮ್ಮನ ನಂಬರು. ಕುಟುಂಬ ಅಲ್ಲೇ ವಾಸವಿರುವ ಹೋಂಸ್ಟೇಗಳನ್ನೇ ಆರಿಸಿ, ಕತ್ತಲಾಗುವ ಮೊದಲು ತಲುಪಿ ಎಂದೂ ಹೇಳಿದೆವು. ಅಮ್ಮನಿಗೆ ಸುಳ್ಳು ಊರಿನ ಹೆಸರು ಹೇಳುವುದು ಅಂದಿಗೆ ನಿಂತಿತು. ನಮ್ಮ ಲೆಕ್ಕದಲ್ಲಿ ಈ ಪ್ರಕರಣ ತಿರುಗಿದ್ದೇ ಅಲ್ಲಿ.

ಒಬ್ಬರೇ ಪ್ರಯಾಣ ಮಾಡುವುದು ಬೇರೆ, ಒಬ್ಬರೇ ಕಾಡಿಗೆ ನುಗ್ಗುವುದು ಬೇರೆ. ಹೋಂಸ್ಟೇಯಿಂದ ಹೋಂಸ್ಟೇಗೆ ರಸ್ತೆಯಲ್ಲಿ ಒಬ್ಬರೇ ನಡೆಯಲಿ. 1,894 ಮೀಟರ್ ಎತ್ತರದ ಕುದುರೆಮುಖಕ್ಕೆ ಮುಳ್ಳೋಡಿಯಿಂದ ಹೋಗಿಬರಲು 18ರಿಂದ 20 ಕಿ.ಮೀ.; ಅದಕ್ಕೆ ಅರಣ್ಯ ಇಲಾಖೆಯ ಅನುಮತಿ, ಊರಿನ ಗೈಡ್, ಮೂರು ಲೀಟರ್ ನೀರು, ಒಂದು ಓಆರ್‌ಎಸ್ ಪೊಟ್ಟಣ ಬೇಕು. ಮಧ್ಯಾಹ್ನ 12:30ಕ್ಕೆ ಎಲ್ಲಿದ್ದರೂ ಅಲ್ಲಿಂದಲೇ ಹಿಂದಿರುಗುವುದು. ಡಿಸೆಂಬರಿನಿಂದ ಮೇವರೆಗೆ ಉಣುಗು (ಉಣ್ಣೆ) ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲ. ಉಣುಗು ಕಚ್ಚದಂತೆ ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ, ತರಗೆಲೆ ಮೇಲೆ ಕೂರಬೇಡಿ, ಮರಳಿ ಎರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಿಳಿಸಿ.

ಒಂದು ತಿಂಗಳು ದಾಟಿಯೂ ದುಃಸ್ವಪ್ನ ನಿಲ್ಲದಿದ್ದರೆ ಮನೋವೈದ್ಯರನ್ನು ಕಾಣಲೇಬೇಕು ಎಂದು ಮೊದಲ ದಿನವೇ ಹೇಳಿದ್ದೆವು. ರಾತ್ರಿ ಹೊತ್ತಿಗೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದುಕೊಟ್ಟಿದ್ದೆವು. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಡಿಸೆಂಬರಿನಲ್ಲಿ ಹೋಗಿಬಂದರು. ಎರಡನೇ ಹಳ್ಳ ದಾಟುವಾಗ ಬೆರಳು ಜೋಮು ಹಿಡಿದಿದೆ. ಬಂಡೆ ಮೇಲೆ ಕೂತು ಎಣಿಸಿದ್ದಾರೆ, ಗೈಡ್ ಪಕ್ಕದಲ್ಲೇ ಎಲೆಯಡಿಕೆ ಹಾಕುತ್ತ ಕಾದಿದ್ದಾರೆ. 12:30ಕ್ಕೆ ತುದಿ ಇನ್ನೂ ಒಂದು ಕಿ.ಮೀ. ಇತ್ತು, ತಿರುಗಿ ಬಂದರು. ಈಗ ನಿದ್ದೆ ಸರಿಹೋಗಿದೆ. ಲಿಫ್ಟಿನಲ್ಲಿ ಮಾತ್ರ ಎದೆ ಇನ್ನೂ ಹೊಡೆದುಕೊಳ್ಳುತ್ತದೆ. ಆ ಭಯ ಬಿಡಿಸುವ ಕೆಲಸ ನಡೆದಿದೆ, ಲಿಫ್ಟಿನಲ್ಲಿ ವಾರಕ್ಕೆ ಎರಡು ಮಹಡಿಯಂತೆ.